ಹಿಂದಿನ ಕಣಿವೆಯಲ್ಲಿ ಹಿಮ ಎಷ್ಟಿದೆ

ಕಾಗೊಶಿಮಾ
ಫೆಬ್ರುವರಿ 18

ನೆಕೊಮಿನೆ ಸ್ಕೀ ಗುಡ್ಡದ ಕಾವಲು ಪಡೆಯ ಮುಖ್ಯಸ್ಥರಾದ ಕುವಾಬಾರಾ ಶೋಜಿ ಅವರಿಗೆ,

ಪತ್ರವನ್ನು ಋತುವಿನ ಮಾತಿನಿಂದ ಶುರು ಮಾಡುವುದು ಮರ್ಯಾದೆ. ಈ ಸಲ ಅದನ್ನು ಬಿಟ್ಟಿದ್ದೇನೆ. ನಿಮ್ಮ ಕಡೆಯ ಋತುವಿನ ಬಗ್ಗೆ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ.

ನಾನು ಅರಿಮುರಾ ಸುಗಾ. ಜನವರಿ 24ರಂದು ನಿಮ್ಮ ಗುಡ್ಡದ ಹಿಂದಿನ ಕಣಿವೆಗೆ ಇಳಿದು ಮರಳದ ಅರಿಮುರಾ ಕಾತ್ಸುಮಿಯ ಹೆಂಡತಿ. ಎಂಟು ದಿನ ನೀವು ಉದ್ದನೆಯ ಕೋಲುಗಳನ್ನು ಹಿಮದಲ್ಲಿ ಚುಚ್ಚಿ ಹುಡುಕಿದಿರಿ. ಎಂಟು ದಿನವೂ ನಾನು ನಿಮ್ಮ ಕಾವಲು ಕೊಠಡಿಯ ಒಲೆಯ ಪಕ್ಕ ಕುಳಿತಿದ್ದೆ. ಒಂಬತ್ತನೆಯ ದಿನ ನೀವು ಬಂದು ಟೋಪಿ ತೆಗೆದು, "ಅಮ್ಮಾ, ಇನ್ನು ನಮ್ಮ ಕೈಲಾಗಲ್ಲ. ಹಿಮ ಕರಗ್ಬೇಕು" ಅಂದಿರಿ. ಸರಿ, ಕಾಯುತ್ತೇನೆ. ಆದರೆ ಎಷ್ಟು ಕರಗಿತು ಎಂದು ನನಗೆ ಹೇಳುವವರು ಯಾರು? ಅದಕ್ಕೇ ಈ ಪತ್ರ. ಹದಿನೈದು ದಿನಕ್ಕೊಮ್ಮೆ ಹಿಂದಿನ ಕಣಿವೆಯಲ್ಲಿ ಹಿಮ ಎಷ್ಟಿದೆ ಎಂದು ಬರೆದು ತಿಳಿಸಬೇಕು. ಫೋನ್ ಬೇಡ. ಫೋನಿನಲ್ಲಿ ನಾನು ಕಿರುಚುತ್ತೇನೆ.

ನಮ್ಮ ಯಜಮಾನರು ನಲವತ್ತು ವರ್ಷ ಈ ಊರಿನಲ್ಲಿ ಟ್ರಾಮ್ ಓಡಿಸಿದವರು. ಹಳಿ ಬಿಟ್ಟು ಒಂದು ಗೇಣು ಆಚೀಚೆ ಸರಿದವರಲ್ಲ. ನಿವೃತ್ತರಾದ ಮೇಲೆ ಸ್ಕೀ ಹಲಗೆ ಕಟ್ಟಿಕೊಂಡು ಹಳಿಯೇ ಇಲ್ಲದ ಕಡೆ ಹಿಮದ ಮೇಲೆ ಜಾರಬೇಕು ಅನ್ನುವ ಹುಚ್ಚು ಹತ್ತಿತು. ಅರವತ್ತಕ್ಕೆ ಅರಳುಮರಳು ಎಂದು ನಾನು ಬೈದಿದ್ದೇ ಬೈದಿದ್ದು. ನಾಲ್ಕು ಚಳಿಗಾಲ ಹೋಗಿ ಬಂದರು. ಐದನೆಯದಕ್ಕೂ ಹೋದರು.

ಪತ್ರಿಕೆಯಲ್ಲಿ ಬಂದಿದ್ದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಕಣಿವೆಗೆ ಇಳಿಯುವವರು ಕಾವಲು ಕೊಠಡಿಯ ಗೋಡೆಯಲ್ಲಿರುವ ತಮ್ಮ ಸಂಖ್ಯೆಯ ಮರದ ಬಿಲ್ಲೆಯನ್ನು ಕೆಂಪು ಮಗ್ಗುಲಿಗೆ ತಿರುಗಿಸಿ ಹೋಗಬೇಕಂತೆ, ಬಂದ ಮೇಲೆ ಬಿಳಿಗೆ. ನಮ್ಮವರ ಹನ್ನೊಂದನೆಯ ಬಿಲ್ಲೆ ಬಿಳಿಯಾಗಿತ್ತಂತೆ. ಆದ್ದರಿಂದ "ಒಮ್ಮೆ ಮರಳಿ ಬಂದವರು ನಿಯಮ ಮೀರಿ ಮತ್ತೆ ಇಳಿದಿರಬೇಕು" ಎಂದು ಬರೆದಿದ್ದಾರೆ. ಬೆಳಿಗ್ಗೆಯೇ ಕೋಣೆ ಖಾಲಿ ಮಾಡಿದ್ದರು, ಸಂಜೆಯ ರೈಲಿಗೆ ಟೋಕಿಯೋಗೆ ಹೋಗುವವರಿದ್ದರು. ಹಾಗಾಗಿ ನಿಮ್ಮ ಊರಿನಲ್ಲಿ ಅವರ ದಾರಿ ಕಾಯುವವರು ಯಾರೂ ಇರಲಿಲ್ಲ. ಮರುದಿನ ಹತ್ತು ಗಂಟೆಗೆ ನಾನು ಫೋನ್ ಮಾಡಿದ ಮೇಲೆಯೇ ನೀವು ಹುಡುಕಲು ಹೊರಟಿದ್ದು. ಅಷ್ಟರಲ್ಲಿ ಹಿಮಗಾಳಿ ಎದ್ದಿತ್ತು.

ಉತ್ತರಕ್ಕೆ ಅಂಚೆ ಚೀಟಿ ಅಂಟಿಸಿದ ಲಕೋಟೆ ಇಟ್ಟಿದ್ದೇನೆ.

ಅರಿಮುರಾ ಸುಗಾ

⁕

ನೆಕೊಮಿನೆ
ಫೆಬ್ರುವರಿ 26

ಅರಿಮುರಾ ಸುಗಾ ಅವರಿಗೆ,

ಪತ್ರ ತಲುಪಿತು. ಇಂದಿನ ಅಳತೆ ಹೀಗಿದೆ. ತಪ್ಪಲಿನಲ್ಲಿ ನೆಟ್ಟ ಅಳತೆಕೋಲಿನಲ್ಲಿ 3 ಮೀಟರ್ 10 ಸೆಂಟಿಮೀಟರ್. ಹಿಂದಿನ ಕಣಿವೆಯಲ್ಲಿ, ಬೀಚ್ ಎಂಬ ಕಾಡುಮರಗಳ ತೋಪಿನ ಬಳಿ, 4 ಮೀಟರ್ 25. ಬೆಳಿಗ್ಗೆ ಆರಕ್ಕೆ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ. ವಾಯವ್ಯದ ಗಾಳಿ. ಇನ್ನು ಮೂರು ದಿನ ಹಿಮ ಬೀಳುವ ಸೂಚನೆ ಇದೆ. ಅಂದರೆ ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ.

ಮಾರ್ಚ್ ನಡುವಿನಲ್ಲಿ ಹಿಮ ಕೂರಲು ತೊಡಗುತ್ತದೆ. ಕೂರುವುದೆಂದರೆ ಕರಗುವುದಲ್ಲ, ತನ್ನ ಭಾರಕ್ಕೆ ತಾನೇ ತಗ್ಗುವುದು. ಕೋಲಿನಲ್ಲಿ ಅಳತೆ ಇಳಿದರೂ ಅಡಿಯಲ್ಲಿ ಅಷ್ಟೇ ಇರುತ್ತದೆ, ಇನ್ನಷ್ಟು ಗಟ್ಟಿಯಾಗಿ. ಅಳತೆ ಇಳಿಯಿತೆಂದು ನೀವು ಆಸೆಪಡಬಾರದೆಂದು ಮೊದಲೇ ತಿಳಿಸುತ್ತಿದ್ದೇನೆ. ಆ ಕಣಿವೆಯಲ್ಲಿ ನೆಲ ಕಾಣುವುದು ವಾಡಿಕೆಯಂತೆ ಮೇ ಕೊನೆಗೆ. ಹಿಮ ಹೆಚ್ಚಿದ ವರ್ಷ ಜೂನ್ ನಡುವಿಗೆ. ಈ ವರ್ಷ ಹೆಚ್ಚಿದೆ.

ಹವಾಮಾನ ಬಿಟ್ಟು ಬೇರೇನೂ ಬರೆದು ನನಗೆ ಅಭ್ಯಾಸವಿಲ್ಲ. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಗುಡ್ಡದ ಹಿಮ ವರದಿ ಬರೆಯುವವನು ನಾನೇ. ಹದಿನೈದು ದಿನಕ್ಕೊಮ್ಮೆ ನಿಮಗೂ ಬರೆಯುತ್ತೇನೆ. ಲಕೋಟೆ ಕಳಿಸಬೇಕಾಗಿಲ್ಲ.

ಕುವಾಬಾರಾ ಶೋಜಿ

⁕

ಕಾಗೊಶಿಮಾ
ಮಾರ್ಚ್ 9

ಕುವಾಬಾರಾ ಅವರಿಗೆ,

ನಿಮ್ಮ ಪತ್ರ ಓದಿ ನಗು ಬಂತು. ಬಹಳ ದಿನದ ಮೇಲೆ. ಋತುವಿನ ಮಾತಿನಿಂದ ಶುರುವಾಗಿ ಋತುವಿನಲ್ಲೇ ಮುಗಿಯಿತು. ಇಷ್ಟು ಮರ್ಯಾದಸ್ಥ ಪತ್ರವನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಆದರೆ ಆ ನಗು ಒಂದು ದಿನವೂ ಉಳಿಯಲಿಲ್ಲ. ನಾನೂ ಫೋನಿನಲ್ಲಿ ನಿಮ್ಮ ಗುಡ್ಡದ ವರದಿ ನೋಡಲು ಕಲಿತಿದ್ದೇನೆ. ಮಾರ್ಚ್ 2ರದು: "ಸಂತಸದ ಸುದ್ದಿ! ಒಂದೇ ರಾತ್ರಿಯಲ್ಲಿ 45 ಸೆಂಟಿಮೀಟರ್ ಹೊಸ ಹಿಮ! ಹಿಮದೇವರು ನಮಗೆ ಒಲಿದಿದ್ದಾನೆ! ಮೇ ರಜೆಯವರೆಗೂ ಜಾರಲು ಅಡ್ಡಿಯಿಲ್ಲ!" ನಾಲ್ಕು ಆಶ್ಚರ್ಯಚಿಹ್ನೆ. ಕೆಳಗೆ ಬರೆದವರ ಹೆಸರು, ಕುವಾಬಾರಾ.

ನನ್ನ ಗಂಡನ ಮೇಲೆ ಇನ್ನೂ 45 ಸೆಂಟಿಮೀಟರ್ ಬಿತ್ತು. ಅದು ಸಂತಸದ ಸುದ್ದಿಯೇ? ನೆಕೊಮಿನೆ ಎಂದರೆ ಬೆಕ್ಕಿನ ಶಿಖರವಲ್ಲವೇ? ಸರಿಯಾಗಿಯೇ ಹೆಸರಿಟ್ಟಿದ್ದಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಗೊತ್ತು, ನಿಮ್ಮ ಊರು ಹಿಮದಿಂದಲೇ ಅನ್ನ ಉಣ್ಣುವುದು. ನಾನು ಮೀನಿನ ವಡೆ ಕರಿದು ಮಾರುವವಳು. ಮೀನುಗಳ ಹೆಂಡಿರು ನನಗೂ ಪತ್ರ ಬರೆಯಬಹುದು. ಆದರೂ ಹೊಟ್ಟೆ ಉರಿಯಿತು, ಬರೆದೆ.

ಇನ್ನೊಂದು ಮಾತು. ಟ್ರಾಮ್ ಓಡಿಸುವವರಿಗೆ ಒಂದು ಅಭ್ಯಾಸ ಹಿಡಿಸಿರುತ್ತಾರೆ. ಯಾವುದನ್ನು ನೋಡಿದರೂ ಬೆರಳು ತೋರಿಸಿ ಬಾಯಿ ಬಿಟ್ಟು ಹೇಳಬೇಕು: "ದೀಪ ಸರಿ! ಬಾಗಿಲು ಸರಿ!" ನಮ್ಮವರು ಮನೆಯಲ್ಲೂ ಹಾಗೆಯೇ. ಹೊರಗೆ ಹೊರಡುವ ಮೊದಲು ಒಲೆಯ ಮುಂದೆ ನಿಂತು, "ಗ್ಯಾಸು ಆರಿದೆ, ಸರಿ!" ನಾನು ಒಳಗಿನಿಂದ, "ರೀ, ಹಾಳು ಗ್ಯಾಸಿಗೂ ಸಲಾಂ ಹೊಡೀಬೇಕಾ?" ಎಂದು ಕೂಗುತ್ತಿದ್ದೆ. ಅಂಥ ಮನುಷ್ಯ ಬಿಲ್ಲೆ ಬಿಳಿಗೆ ತಿರುಗಿಸಿ, ಮತ್ತೆ ಕಣಿವೆಗೆ ಇಳಿಯುವಾಗ ಕೆಂಪು ಮಾಡದೆ ಹೋದರು ಎಂದರೆ ನಾನು ನಂಬಬೇಕೇ? ಪತ್ರಿಕೆಯವರು ಏನಾದರೂ ಬರೆದುಕೊಳ್ಳಲಿ. ಆ ಗೋಡೆಯ ಮುಂದೆ ದಿನಾ ನಿಲ್ಲುವ ನೀವು ಏನು ಹೇಳುತ್ತೀರಿ?

ಸುಗಾ

⁕

ನೆಕೊಮಿನೆ
ಮಾರ್ಚ್ 20

ಅರಿಮುರಾ ಅವರಿಗೆ,

ತಪ್ಪಲಿನಲ್ಲಿ 2 ಮೀಟರ್ 95. ಹಿಂದಿನ ಕಣಿವೆಯಲ್ಲಿ 4 ಮೀಟರ್ 40. ಮಧ್ಯಾಹ್ನ ಐದು ಡಿಗ್ರಿ ದಾಟುತ್ತಿದೆ, ಬೆಳಿಗ್ಗೆ ಮತ್ತೆ ಹೆಪ್ಪುಗಟ್ಟುತ್ತದೆ. ಮೇಲ್ಪದರ ಹರಳುಗಟ್ಟಿದೆ. ಹತ್ತು ದಿನದ ಮುನ್ನೋಟದಲ್ಲಿ ದೊಡ್ಡ ಹಿಮ ಇಲ್ಲ.

ವರದಿಯ ಬಗ್ಗೆ ನೀವು ಬರೆದದ್ದು ಸರಿ. ಆ ವಾಕ್ಯಗಳು ಪ್ರತಿ ವರ್ಷ ಬರೆಯುವ ವಾಕ್ಯಗಳು, ಅಂಕಿ ಮಾತ್ರ ಬದಲಾಗುತ್ತದೆ. ಈಗ ಆಶ್ಚರ್ಯಚಿಹ್ನೆ ಹಾಕುವುದು ಬಿಟ್ಟಿದ್ದೇನೆ. ನಮ್ಮ ಮ್ಯಾನೇಜರ್ ಓಗುರಾ ಅವರು ನಿನ್ನೆ ಕರೆದು, "ಏನ್ರೀ ಕುವಾಬಾರಾ, ವರದಿ ಓದಿದ್ರೆ ಯಾರೋ ಸತ್ತ ಮನೆ ಥರ ಇದೆಯಲ್ರೀ" ಅಂದರು. ಆಮೇಲೆ ಅವರಿಗೇ ನೆನಪಾಯಿತು.

ಬಿಲ್ಲೆಯ ವಿಷಯ. ಪೊಲೀಸರ ದಾಖಲೆಯಲ್ಲಿ ಇರುವುದೇ ಇದೆ. ಮರುದಿನ ಬೆಳಿಗ್ಗೆ ಅವರು ಬಂದು ನೋಡಿದಾಗ ಬಿಳಿ ಇತ್ತು.

ಊರಿನವರು ಗದ್ದೆಗಳಿಗೆ ಹೋಗತೊಡಗಿದ್ದಾರೆ. ಹಿಮದ ಮೇಲೆ ಬೂದಿ, ಇದ್ದಿಲ ಪುಡಿ ಎರಚಿದರೆ ಕಪ್ಪು ಮೈ ಬಿಸಿಲು ಹಿಡಿದು ಬೇಗ ಕರಗುತ್ತದೆ, ನಾಟಿಗೆ ಹತ್ತು ದಿನ ಮೊದಲೇ ನೆಲ ಸಿಗುತ್ತದೆ. ನನ್ನ ಹೆಂಡತಿ ಕಿನುಕೊ ನಿನ್ನೆ ಬೆಳಗಿನಿಂದ ಎರಚುತ್ತಿದ್ದಾಳೆ. ಮುಖವೆಲ್ಲ ಮಸಿ. ನಿಮ್ಮ ಬಗ್ಗೆ ಅವಳೂ ಕೇಳುತ್ತಿರುತ್ತಾಳೆ.

ಕುವಾಬಾರಾ

⁕

ಕಾಗೊಶಿಮಾ
ಏಪ್ರಿಲ್ 1

ಕುವಾಬಾರಾ ಅವರಿಗೆ,

ಬೂದಿ! ಇದನ್ನು ಮೊದಲೇ ಬರೆಯಬಾರದಿತ್ತೇ? ಎಷ್ಟು ಬೇಕು ಹೇಳಿ. ನಿಮಗೆ ಹಿಮ ಹೇಗೋ ನಮಗೆ ಬೂದಿ ಹಾಗೆ. ಎದುರಿನ ಜ್ವಾಲಾಮುಖಿ ಸಾಕುರಾಜಿಮಾ ಸೀನಿತು ಅಂದರೆ ಮುಗಿಯಿತು. ಒಣಹಾಕಿದ ಬಟ್ಟೆ, ಅಂಗಡಿಯ ಬಾಗಿಲು, ಬೆಕ್ಕಿನ ಬೆನ್ನು ಎಲ್ಲ ಬೂದಿ. ನಾವೂ ಬೆಳಗೆದ್ದು ಗಾಳಿ ಯಾವ ಕಡೆಗಿದೆ ಎಂದು ಟಿವಿ ನೋಡುವವರೇ. ಗುಡಿಸಿ ತುಂಬಿಡಲು ನಗರಸಭೆಯವರು ಹಳದಿ ಚೀಲ ಕೊಡುತ್ತಾರೆ. ನಮ್ಮ ಹಿತ್ತಿಲಲ್ಲೇ ಒಂಬತ್ತು ಚೀಲ ಇತ್ತು, ಅಕ್ಕಪಕ್ಕದವರಿಂದ ಹನ್ನೊಂದು ಬೇಡಿ ತಂದೆ. ಆರು ಪೆಟ್ಟಿಗೆಗೆ ತುಂಬಿ ನಿನ್ನೆ ಕಳಿಸಿದ್ದೇನೆ.

ಪಾರ್ಸೆಲ್ ಕಚೇರಿಯಲ್ಲಿ ಕಟ್ಟೆಯ ಹಿಂದಿದ್ದವ ಹೊಸಬ, ಬೇರೆ ಊರಿನವನು.

"ಒಳಗೇನಿದೆ ಅಮ್ಮಾ?"

"ಬೂದಿ."

ಅವನು ಪೆಟ್ಟಿಗೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡು, ತಲೆ ಬಗ್ಗಿಸಿ, ಮೆಲ್ಲಗೆ, "ಯಾರ್ದಮ್ಮಾ?" ಅಂದ.

"ಯಾರ್ದೂ ಅಲ್ಲಪ್ಪ, ಗುಡ್ಡದ್ದು. ಒಬ್ಬ ಮನುಷ್ಯಂದು ಆರು ಪೆಟ್ಟಿಗೆ ಆಗುತ್ತಾ?"

ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅತ್ತೆ. ಯಾಕೆಂದರೆ ನನ್ನ ಕೈಗೆ ನಿಜವಾಗಿ ಬೇಕಾದ ಬೂದಿ ಅವನು ಕೇಳಿದ್ದೇ ಆಗಿತ್ತು.

ಇದನ್ನು ಎಲ್ಲಿ ಎರಚಬೇಕೆಂದು ನಿಮಗೇ ಗೊತ್ತು. ಅಲ್ಲಿ ಇರಬಹುದೆಂದು ನಿಮಗೆ ಅನ್ನಿಸುವ ಕಡೆ ಎರಚಿ. ಒಂದು ದಿನ ಬೇಗ ಸಿಕ್ಕಿದರೂ ಒಂದು ದಿನ.

ಪೆಟ್ಟಿಗೆಗಳ ಮೇಲ್ಭಾಗದಲ್ಲಿ ವಡೆ ಇದೆ. ಬೂದಿ ತಾಗಿಲ್ಲ, ಕಿನುಕೊ ಅವರಿಗೆ ಹೇಳಿ.

ಸುಗಾ

⁕

ನೆಕೊಮಿನೆ
ಏಪ್ರಿಲ್ 19

ಅರಿಮುರಾ ಅವರಿಗೆ,

ತಪ್ಪಲಿನಲ್ಲಿ 1 ಮೀಟರ್ 60. ಹಿಂದಿನ ಕಣಿವೆಯಲ್ಲಿ 3 ಮೀಟರ್ 20. ಬೂದಿ ಎರಚಿದ ಜಾಗದಲ್ಲಿ 2 ಮೀಟರ್ 70.

ಏಪ್ರಿಲ್ 6 ಮತ್ತು 7ರಂದು ನಾನು, ಕಿನುಕೊ, ಪಡೆಯ ಇಬ್ಬರು ಸೇರಿ ಬೂದಿಯನ್ನು ಬೆನ್ನ ಮೇಲೆ ಹೊತ್ತು ಕಣಿವೆಗೆ ಇಳಿದೆವು. ಜನವರಿಯಲ್ಲಿ ನಾವು ಹುಡುಕಿದ್ದು ಹಿಮ ಕುಸಿದು ಬಿದ್ದ ತೊರೆಯ ಬದಿಯಲ್ಲಿ. ಈ ಸಲ ಅಲ್ಲಿ ಎರಚಲಿಲ್ಲ. ಹಿಮ ಕುಸಿತ ಕಂಡವನು, ಹಳಿಯ ಮೇಲೆ ನಲವತ್ತು ವರ್ಷ ಜಾಗ್ರತೆಯಿಂದ ಓಡಿಸಿದವನು, ಎತ್ತ ತಿರುಗುತ್ತಿದ್ದ ಎಂದು ಯೋಚಿಸಿದೆ. ಬಲಕ್ಕೆ, ಬೀಚ್ ತೋಪಿನ ಕಡೆಗೆ. ಅಲ್ಲಿ ಎರಚಿದೆವು. ಕಿನುಕೊ ಒಂದೊಂದು ಹಿಡಿಗೂ ಏನೋ ಗೊಣಗುತ್ತಿದ್ದಳು. ಏನೆಂದು ಕೇಳಿದೆ. "ನಿಮ್ಗೇನ್ ಅದು? ಹೆಂಗಸ್ರು ಹೆಂಗಸ್ರಿಗೆ ಹೇಳೋದು," ಅಂದಳು.

ಮರುದಿನ ಓಗುರಾ ಅವರು ಕರೆಸಿದರು. ಜನರನ್ನು ಗುಡ್ಡದ ಮೇಲಕ್ಕೆ ಒಯ್ಯುವ ತಂತಿ ಕುರ್ಚಿಯ ಲಿಫ್ಟಿನಿಂದ ನೋಡಿದರೆ ಕಣಿವೆಯಲ್ಲಿ ಕಪ್ಪು ಮಚ್ಚೆ ಕಾಣುತ್ತದಂತೆ, ಅತಿಥಿಗಳು ಕೇಳುತ್ತಿದ್ದಾರಂತೆ.

"ಏನಂತ ಹೇಳ್ಲಿ ಅವ್ರಿಗೆ?"

"ಗದ್ದೆ ಅಂತ ಹೇಳಿ."

"ಸಾವಿರದ ನೂರು ಮೀಟರ್ ಎತ್ತರದಾಗೆ ಗದ್ದೆನಾ?"

"ಹಾಗಾದ್ರೆ ನಿಜ ಹೇಳಿ."

ಅವರು ಎದ್ದು ಹೋದರು. ಅಂದಿನಿಂದ ಕೇಳಿಲ್ಲ.

ಬೀಚ್ ಮರಗಳ ಬುಡದ ಸುತ್ತ ಹಿಮ ಮೊದಲು ಕರಗಿ ದುಂಡಗೆ ಬಾಯಿ ತೆರೆಯುತ್ತದೆ. ಈಗಾಗಲೇ ಮೇಲಿನ ಸಾಲಿನಲ್ಲಿ ತೆರೆದಿದೆ. ಕೆಳಗಿನ ಸಾಲಿಗೆ ಇನ್ನು ಮೂರು ನಾಲ್ಕು ವಾರ.

ವಡೆ ಚೆನ್ನಾಗಿತ್ತು. ಸಿಹಿ ಸ್ವಲ್ಪ ಹೆಚ್ಚೆಂದು ಕಿನುಕೊ ಹೇಳಿದಳು, ಆದರೂ ಒಂದೂ ಉಳಿಸಲಿಲ್ಲ.

ಕುವಾಬಾರಾ

⁕

ಕಾಗೊಶಿಮಾ
ಮೇ 6

ಕುವಾಬಾರಾ ಅವರಿಗೆ,

ಸಿಹಿ ಹೆಚ್ಚಲ್ಲ, ನಮ್ಮ ಕಡೆಯ ವಡೆ ಇರುವುದೇ ಹಾಗೆ ಎಂದು ಕಿನುಕೊ ಅವರಿಗೆ ತಿಳಿಸಿ.

ಇವತ್ತು ಟ್ರಾಮ್ ಡಿಪೋಗೆ ಹೋಗಿದ್ದೆ. ಅಲ್ಲಿಯ ಗೋಡೆಯಲ್ಲಿ ಒಂದೂ ತಪ್ಪಿಲ್ಲದೆ ಸೇವೆ ಮುಗಿಸಿದ ಚಾಲಕರ ಪಟಗಳಿವೆ, ಹದಿನಾಲ್ಕು. ನಮ್ಮವರದು ಕೊನೆಯದು. ಈಗ ಹದಿಮೂರು ಇವೆ. ಮೊಳೆ ಹಾಗೆಯೇ ಇದೆ. ಕೇಳಿದರೆ ಅಲ್ಲಿಯ ಅಧಿಕಾರಿ, ನಮ್ಮವರ ಕೈಕೆಳಗೇ ಕೆಲಸ ಕಲಿತವನು, ಕೈ ಹೊಸೆಯುತ್ತ, "ಅಕ್ಕಾ, ತಪ್ಪು ತಿಳ್ಕೋಬೇಡಿ. ಪೇಪರ್ನಲ್ಲಿ ನಿಯಮ ಮೀರಿದ್ರು ಅಂತ ಬಂತಲ್ಲ, ಹೊಸ ಹುಡುಗ್ರಿಗೆ ತೋರಿಸೋವಾಗ... ಸ್ವಲ್ಪ ದಿನ ಅಷ್ಟೇ" ಅಂದ. "ತೆಗೆದಿಟ್ಟ ಪಟ ಎಲ್ಲಿ?" ಎಂದೆ. ಕಪಾಟಿನಿಂದ ತಂದುಕೊಟ್ಟ. ಎದೆಗೆ ಅವಚಿಕೊಂಡು ಅವರು ಓಡಿಸುತ್ತಿದ್ದ ಟ್ರಾಮಿನಲ್ಲೇ ಮನೆಗೆ ಬಂದೆ.

ಹೆಣ ಸಿಗದಿದ್ದರೆ ಒಂದು ದುಃಖ. ಇದು ಬೇರೆ. ಬದುಕಿದ್ದಾಗ ಆ ಮನುಷ್ಯನಿಗೆ ಇದ್ದದ್ದು ಅದೊಂದೇ ಹೆಮ್ಮೆ, ಅದನ್ನೂ ಹಿಮದಲ್ಲಿ ಹೂತರು.

ಬೆಳಿಗ್ಗೆ ಪೊಲೀಸರು ನೋಡಿದಾಗ ಬಿಳಿ ಇತ್ತು ಎಂದು ನೀವು ಬರೆದಿರಿ. ನಾನು ಆ ಸಾಲನ್ನು ಇಪ್ಪತ್ತು ಸಲ ಓದಿದ್ದೇನೆ. ನಾನು ಬೆಳಗಿನದ್ದು ಕೇಳುತ್ತಿಲ್ಲ. ಹಿಂದಿನ ಸಂಜೆ ಆ ಕೊಠಡಿಯ ಬಾಗಿಲು ಹಾಕಿದವರು ನೀವು. ಆಗ ಯಾವ ಬಣ್ಣ ಇತ್ತು?

ಸುಗಾ

⁕

ನೆಕೊಮಿನೆ
ಮೇ 25

ಅರಿಮುರಾ ಸುಗಾ ಅವರಿಗೆ,

ಕಳೆದ ವಾರ ನೀವು ಬಂದು, ಹಿಮದಡಿ ಸಿಕ್ಕ ನಿಮ್ಮ ಯಜಮಾನರನ್ನು ಗುರುತಿಸಿ, ಇಲ್ಲಿಯೇ ದಹನ ಮುಗಿಸಿ, ಅಸ್ಥಿಯನ್ನು ಮಡಿಲಲ್ಲಿ ಇಟ್ಟುಕೊಂಡು ರೈಲು ಹತ್ತಿದಿರಿ. ಆ ಎರಡು ದಿನವೂ ನಿಮ್ಮ ಹಿಂದೆ ಛತ್ರಿ ಹಿಡಿದು ನಿಂತಿದ್ದವನು ನಾನು. ನಿಮ್ಮ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ನೀವೂ ಅಲ್ಲಿ ಮತ್ತೆ ಕೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

ಕೆಂಪು ಇತ್ತು.

ಜನವರಿ 24ರ ಸಂಜೆ ನಾಲ್ಕೂವರೆಗೆ ಲಿಫ್ಟ್ ನಿಂತಿತು. ಐದಕ್ಕೆ ನಾನು ಕೊಠಡಿಗೆ ಬಂದೆ. ಗೋಡೆಯಲ್ಲಿ ಇಪ್ಪತ್ತು ಬಿಲ್ಲೆ. ಹತ್ತೊಂಬತ್ತು ಬಿಳಿ, ಹನ್ನೊಂದನೆಯದು ಕೆಂಪು. ಕೆಂಪು ಉಳಿದರೆ ಅವರ ಹೆಸರನ್ನು ಧ್ವನಿವರ್ಧಕದಲ್ಲಿ ಮೂರು ಸಲ ಕೂಗಬೇಕು, ಬರದಿದ್ದರೆ ಕಣಿವೆಗೆ ಜನ ಕಳಿಸಬೇಕು. ನಿಯಮ ಅದು. ನಾನು ಹಾಗೆ ಮಾಡಲಿಲ್ಲ. ದಿನಕ್ಕೊಬ್ಬರಾದರೂ ಬಿಲ್ಲೆ ತಿರುಗಿಸಲು ಮರೆತು ಊಟಕ್ಕೆ ಹೋಗಿರುತ್ತಾರೆ. ನೂರು ಜನರ ನಡುವೆ ಕುಳಿತ ಅತಿಥಿಯ ಹೆಸರನ್ನು ಕೂಗಿ ಅವರ ಮರೆವನ್ನು ಸಾರುವುದು ನಮಗೆ ಆಗುವುದಿಲ್ಲ. ಮನೆಗೆ ಬಂದವರ ಚಪ್ಪಲಿ ಬಾಗಿಲಲ್ಲಿ ಓರೆಯಾಗಿದ್ದರೆ ಯಾರದೆಂದು ಕೇಳುತ್ತೇವೆಯೇ? ಬಗ್ಗಿ ನೆಟ್ಟಗಿಟ್ಟು ಒಳಗೆ ಹೋಗುತ್ತೇವೆ. ನನ್ನ ತಾಯಿ ಕಲಿಸಿದ್ದೂ ಅದನ್ನೇ. ಆ ಸಂಜೆ ಬಸ್ ನಿಲ್ದಾಣದಲ್ಲಿ ನೀಲಿ ಅಂಗಿಯ ವಯಸ್ಸಾದವರೊಬ್ಬರನ್ನು ಕಂಡಿದ್ದೆ. ಬೆಳಿಗ್ಗೆ ಬಿಲ್ಲೆಗೆ ಬೆರಳು ತೋರಿಸಿ ಏನೋ ಗಟ್ಟಿಯಾಗಿ ಹೇಳಿ ಹೋದವರು ಅವರೇ ಎಂದುಕೊಂಡೆ. ಕೈ ಚಾಚಿ ಬಿಲ್ಲೆಯನ್ನು ಬಿಳಿಗೆ ತಿರುಗಿಸಿ, ದೀಪ ಆರಿಸಿ ಮನೆಗೆ ಹೋದೆ.

ಮರುದಿನ ಪೊಲೀಸರು, "ಬಿಲ್ಲೆ ಬಿಳಿ ಇತ್ತಾ?" ಅಂದರು. "ಇತ್ತು" ಅಂದೆ. ಅದು ಸುಳ್ಳಲ್ಲವೆಂದು ನಾಲ್ಕು ತಿಂಗಳು ನನಗೆ ನಾನೇ ಹೇಳಿಕೊಂಡೆ.

ಮೇ 17ರಂದು ಕೆಳಗಿನ ಸಾಲಿನ ಬೀಚ್ ಮರವೊಂದರ ಬುಡದಲ್ಲಿ ಅವರು ಸಿಕ್ಕರು, ನಿಮ್ಮ ಬೂದಿ ಬಿದ್ದ ಜಾಗದ ಅಂಚಿನಲ್ಲಿ. ಪೊಲೀಸರು ನಿಮಗೆ ಹೇಳಿದ್ದು ಮೊಣಕಾಲು ಮುರಿದಿತ್ತು, ಚಳಿಯಿಂದ ಸಾವು ಎಂದಷ್ಟೇ. ಮೊದಲು ಕಂಡವನು ನಾನು. ನಾನು ಕಂಡದ್ದು ಇನ್ನೂ ಇದೆ. ಅವರನ್ನು ಹಿಮ ಕುಸಿತ ಹೊಡೆದಿರಲಿಲ್ಲ. ಸ್ಕೀ ಹಲಗೆಯನ್ನು ಕಾಲಿಗೆ ದಬ್ಬೆಯಂತೆ ಬಿಗಿದುಕೊಂಡಿದ್ದರು. ಮರಕ್ಕೆ ಬೆನ್ನು ಕೊಟ್ಟು, ಗಾಳಿಗೆ ಅಡ್ಡವಾಗಿ ಹಿಮದಲ್ಲಿ ಗುಳಿ ತೋಡಿಕೊಂಡಿದ್ದರು. ಗೋಡೆಗಳನ್ನು ಒತ್ತಿ ನಯ ಮಾಡಿದ್ದರು. ಅಷ್ಟು ಮಾಡಲು ಎರಡು ಮೂರು ಗಂಟೆ ಬೇಕು. ನೀವು ಕಟ್ಟಿಕೊಟ್ಟ ವಡೆಯ ಐದು ಹೊದಿಕೆಗಳು ಖಾಲಿಯಾಗಿದ್ದವು, ನಾಲ್ಕಾಗಿ ಮಡಚಿ ಎದೆಯ ಜೇಬಿನಲ್ಲಿ ಇಟ್ಟಿದ್ದರು. ಅವರು ಬೆಳಗಿನ ಜಾವದವರೆಗೆ ಬದುಕಿದ್ದಿರಬಹುದು ಎಂದು ವೈದ್ಯರು ನನ್ನೊಡನೆ ಹೇಳಿದರು.

ಆ ಸಂಜೆ ಐದರಿಂದ ರಾತ್ರಿ ಒಂಬತ್ತರವರೆಗೆ ಹಿಮ ಬೀಳಲಿಲ್ಲ. ದಾಖಲೆ ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಇದೆ. ಕಾವಲು ಕೊಠಡಿಯಿಂದ ಆ ಮರಕ್ಕೆ ಸ್ಕೀ ಮೇಲೆ ಐವತ್ತು ನಿಮಿಷ.

ಇಂದು ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋಗಿ ಇದನ್ನೆಲ್ಲ ಬರೆಸಿದೆ. ಪತ್ರಿಕೆಯವರಿಗೂ ಬರೆದುಕೊಟ್ಟೆ. ಓಗುರಾ ಅವರಿಗೆ ಕೆಲಸ ಬಿಡುವ ಪತ್ರ ಕೊಟ್ಟೆ. ಕಿನುಕೊಗೆ ಅದಕ್ಕೂ ಮೊದಲೇ ಹೇಳಿದೆ. ಅವಳು ಇನ್ನೂ ನನ್ನೊಡನೆ ಮಾತಾಡಿಲ್ಲ.

ಕ್ಷಮೆ ಕೇಳುವ ಪತ್ರ ಹೇಗೆ ಬರೆಯುತ್ತಾರೋ ನನಗೆ ತಿಳಿಯದು. ಕೇಳುತ್ತಲೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ.

ಹಿಂದಿನ ಕಣಿವೆಯಲ್ಲಿ ಇಂದು 40 ಸೆಂಟಿಮೀಟರ್. ಇನ್ನು ಈ ಅಳತೆಯ ಅಗತ್ಯ ನಿಮಗಿಲ್ಲ.

ಕುವಾಬಾರಾ ಶೋಜಿ

⁕

ಕಾಗೊಶಿಮಾ
ಜೂನ್ 9

ಕುವಾಬಾರಾ ಶೋಜಿ ಅವರಿಗೆ,

ನಿಮ್ಮ ಪತ್ರವನ್ನು ಮೊದಲ ದಿನ ಹರಿದೆ. ಎರಡನೆಯ ದಿನ ಕಸದ ಬುಟ್ಟಿಯಿಂದ ಚೂರುಗಳನ್ನು ಆರಿಸಿ ಅಂಟಿಸಿದೆ. ಮೂರನೆಯ ದಿನ ಅದನ್ನೂ ಪಟವನ್ನೂ ಹಿಡಿದು ಡಿಪೋಗೆ ಹೋದೆ. ಪಾಳಿ ಬದಲಾಗುವ ಹೊತ್ತು, ಎಲ್ಲರೂ ಇದ್ದರು. "ಕೂತ್ಕೊಳ್ರೋ, ಓದ್ತೀನಿ" ಎಂದೆ. "ಕೆಂಪು ಇತ್ತು" ಎನ್ನುವಲ್ಲಿಂದ "ದೀಪ ಆರಿಸಿ ಮನೆಗೆ ಹೋದೆ" ಎನ್ನುವವರೆಗೆ ಓದಿದೆ. ಆ ಅಧಿಕಾರಿ ಹುಡುಗ ಎದ್ದು ಬಂದು ನನ್ನ ಕೈಯಿಂದ ಪಟ ಇಸಿದುಕೊಂಡು ಮೊಳೆಗೆ ಹಾಕಿದ. ಓರೆಯಾಯಿತು. ಯಾರೋ ಸರಿಮಾಡಲು ಎದ್ದರು. "ಬಿಡ್ರಿ, ಇರ್ಲಿ ಹಾಗೇ" ಎಂದೆ.

ನಿಮ್ಮ ಮೇಲೆ ನನಗೆ ಬರುವ ಸಿಟ್ಟನ್ನು ಬರೆಯಲು ಕಾಗದ ಸಾಲದು. ಐವತ್ತು ನಿಮಿಷ ಎಂದು ಬರೆದಿದ್ದೀರಿ. ಆ ಎರಡು ಪದ ನನ್ನನ್ನು ಮಲಗಲು ಬಿಡುವುದಿಲ್ಲ. ಎಂಟು ದಿನ ನೀವು ನನಗೆ ಚಹಾ ತಂದುಕೊಟ್ಟಿರಿ. ಪ್ರತಿ ಸಲವೂ ಆ ಗೋಡೆಯ ಮುಂದೆ ಹಾದೇ ತಂದಿರಿ. ಥೂ!

ಇದನ್ನು ಇಲ್ಲಿಗೇ ಮುಗಿಸಿದರೆ ನಾನೂ ನಿಮ್ಮ ಹಾಗೆಯೇ ಆಗುತ್ತೇನೆ. ಆದ್ದರಿಂದ ಇನ್ನೊಂದಿದೆ.

ಜನವರಿ 24ರಂದು ನನ್ನ ತಾಯಿ ಸತ್ತ ಏಳನೆಯ ವರ್ಷದ ಪೂಜೆ ಇತ್ತು. ನಮ್ಮವರು ಮನೆಯಲ್ಲಿ ಇರಬೇಕಿತ್ತು. ಹಿಮ ಚೆನ್ನಾಗಿದೆ ಎಂದು ಇಬ್ಬರು ಮೂವರು ಹೇಳಿದ್ದಕ್ಕೆ, ನಿಮ್ಮ ವರದಿಯಲ್ಲೂ ಬಂದದ್ದಕ್ಕೆ, ಒಂದು ದಿನ ತಡವಾಗಿ ಬರುತ್ತೇನೆಂದು ಹಿಂದಿನ ದಿನ ಫೋನ್ ಮಾಡಿದ್ದರು. "ಬರ್ಲೇಬೇಡಿ, ಅಲ್ಲೇ ಇದ್ದುಬಿಡಿ" ಎಂದು ಫೋನ್ ಇಟ್ಟಿದ್ದೆ. ಎಲ್ಲೇ ಇರಲಿ, ಅವರು ದಿನಾ ಸಂಜೆ ಏಳಕ್ಕೆ ಫೋನ್ ಮಾಡುವವರು. ಟ್ರಾಮಿನವರಲ್ಲವೇ, ಒಂದು ನಿಮಿಷ ಆಚೀಚೆ ಇಲ್ಲ. ಆ ದಿನ ಏಳಾಯಿತು, ಬರಲಿಲ್ಲ. ಏಳೂಕಾಲಿಗೂ ಇಲ್ಲ. ಏಳೂವರೆಗೆ ಫೋನನ್ನು ಕೈಗೆ ತೆಗೆದುಕೊಂಡೆ. ಟೋಕಿಯೋ ಹೋಟೆಲಿನ ನಂಬರು, ನಿಮ್ಮ ಗುಡ್ಡದ ನಂಬರು, ಎರಡನ್ನೂ ಅವರೇ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಟ್ಟು ಹೋಗಿದ್ದರು. ನಲವತ್ತು ವರ್ಷದಲ್ಲಿ ತಪ್ಪದ ಫೋನು ತಪ್ಪಿದೆ ಎಂದರೆ ಏನೋ ಆಗಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ತಪ್ಪು ಅವರದು, ಅವರೇ ಮಾಡಲಿ, ನಾನ್ಯಾಕೆ ಮೊದಲು ಸೋಲಲಿ ಎಂದುಕೊಂಡು ಫೋನ್ ಕೆಳಗಿಟ್ಟು ಟಿವಿ ಹಾಕಿದೆ. ಹಾಡಿನ ಕಾರ್ಯಕ್ರಮ ಬರುತ್ತಿತ್ತು. ಕೊನೆಯವರೆಗೂ ನೋಡಿದೆ.

ಇದನ್ನು ಪೊಲೀಸರಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಎಲ್ಲರೂ, "ಪಾಪ, ಬೆಳಿಗ್ಗೆ ಫೋನ್ ಮಾಡಿ ಎಲ್ಲರ್ನೂ ಎಚ್ಚರಿಸಿದ್ದೇ ಅವ್ಳು" ಅನ್ನುತ್ತಾರೆ. ನಾನು ತಲೆ ತಗ್ಗಿಸಿ ಕುಳಿತಿರುತ್ತೇನೆ. ದುಃಖ ಅಂದುಕೊಳ್ಳುತ್ತಾರೆ.

ನಿಮ್ಮನ್ನು ನಾನು ಕ್ಷಮಿಸುವುದಿಲ್ಲ. ನೀವೂ ನನ್ನನ್ನು ಸಮಾಧಾನ ಮಾಡಬೇಡಿ, ನಿಮ್ಮ ಸಮಾಧಾನ ನನಗೆ ಬೇಡ. ಒಂದೇ ಒಂದು ಕೇಳುತ್ತೇನೆ. ಐದರಿಂದ ಒಂಬತ್ತರವರೆಗೆ ಎಂದು ಒಟ್ಟಾಗಿ ಬರೆದಿದ್ದೀರಿ. ನನಗೆ ಏಳೂವರೆಯದು ಬೇಕು. ಏಳೂವರೆಗೆ ಅಲ್ಲಿ ಹೇಗಿತ್ತು? ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಅರಿಮುರಾ ಸುಗಾ

⁕

ನೆಕೊಮಿನೆ
ಜೂನ್ 14

ಅರಿಮುರಾ ಸುಗಾ ಅವರಿಗೆ,

ಜನವರಿ 24, ಸಂಜೆ 7.30. ಕಣಿವೆಯ ನೆತ್ತಿಯಲ್ಲಿರುವ ಯಂತ್ರದ ದಾಖಲೆ: ಸೊನ್ನೆಗಿಂತ ಐದು ಡಿಗ್ರಿ ಕೆಳಗೆ. ಗಾಳಿ ಇಲ್ಲ. ಹಿಮ ಬೀಳುತ್ತಿಲ್ಲ.

ಯಂತ್ರದಲ್ಲಿ ಇಲ್ಲದ್ದು: ಮೋಡ ಸರಿದಿತ್ತು. ಮರಗಳ ನೆರಳು ಕಾಣುವಷ್ಟು ಬೆಳದಿಂಗಳಿತ್ತು. ಊಟ ಮುಗಿಸಿ ಬಾಗಿಲಲ್ಲಿ ನಿಂತು ನೋಡಿದೆ. ಚೆನ್ನಾಗಿದೆ ಎಂದು ಕಿನುಕೊಳನ್ನೂ ಹೊರಗೆ ಕರೆದೆ.

ಕುವಾಬಾರಾ ಶೋಜಿ